ರಮಾಬಾಯಿ ಆಣೆ ಮಾಡಲಿಲ್ಲ

ಶಿಕಾರಿಪುರದ ಆ ಸಣ್ಣ ವಸ್ತುಸಂಗ್ರಹಾಲಯದಲ್ಲಿ ಕಾವಲುಗಾರರು ಬೂಟು ಹಾಕಿಕೊಂಡೇ ನಿಲ್ಲಬೇಕೆಂಬ ನಿಯಮ ಮೊದಲ ದಿನದಿಂದಲೂ ಇತ್ತು. ಅದು ಪಾಲನೆಗೆ ಬಂದದ್ದು ಮಾತ್ರ ರಮಾಬಾಯಿ ಮೇಲ್ವಿಚಾರಕಿಯಾದ ಮೇಲೆ. ಅದಕ್ಕೆ ಮುಂಚೆ ಎರಡನೇ ಕೋಣೆಯ ಬಾಗಿಲಲ್ಲಿ ಸದಾ ಒಂದು ಜೊತೆ ಬೂಟು ಬಿದ್ದಿರುತ್ತಿತ್ತು. ಯಾಕೆಂದರೆ ಒಳಗೆ ಆಣೆಕಲ್ಲು ಇತ್ತು.

ಆಣೆಕಲ್ಲು ಸೊಂಟದೆತ್ತರದ ಕರಿಕಲ್ಲು. ಮೇಲೆ ಸೂರ್ಯ ಚಂದ್ರ, ಅದರ ಕೆಳಗೆ ಕರುವಿಗೆ ಹಾಲೂಡಿಸುವ ಹಸು. ಅಕ್ಷರಗಳು ಸವೆದುಹೋಗಿವೆ. ಅಂಜನಾಪುರದ ಆಚೆ ಕಾಲುವೆ ಅಗಲ ಮಾಡುವಾಗ ಅಡ್ಡವಾಯಿತೆಂದು ಕಿತ್ತು ತಂದು ಇಲ್ಲಿ ನಿಲ್ಲಿಸಿದ್ದರು. ಕಲ್ಲು ಬಂದ ಹಾಗೆ ಅದರ ಹಿಂದೆ ಅದರ ಕೆಲಸವೂ ಬಂತು. ಬದುವಿನ ಜಗಳ, ಕಾಲುವೆ ನೀರಿನ ಸರದಿ, ಕಳುವಾದ ಮೋಟಾರು, ಎಲ್ಲವೂ ಹಿಂದೆ ಆ ಕಲ್ಲಿನ ಮುಂದೆ ತೀರ್ಮಾನವಾಗುತ್ತಿದ್ದವು. ಅನುಮಾನಕ್ಕೆ ಸಿಕ್ಕವನು ತಲೆಗೆ ನೀರು ಹುಯ್ದುಕೊಂಡು ಒದ್ದೆ ಬಟ್ಟೆಯಲ್ಲಿ ಬಂದು, ಕಲ್ಲು ಮುಟ್ಟಿ 'ನಾನಲ್ಲ' ಎನ್ನಬೇಕು. ಮುಂದಿನ ಮೂರು ಅಮಾವಾಸ್ಯೆಯೊಳಗೆ ಅವನ ಮನೆಯಲ್ಲಿ ಯಾವ ಕೇಡೂ ಆಗದಿದ್ದರೆ ಅವನು ಸತ್ಯವಂತ. ಕೇಡಾದರೆ ಸುಳ್ಳ. ಇದು ರೂಢಿ. ಟಿಕೆಟ್ ಕೊಂಡು ಬಂದು, ಕಾವಲುಗಾರ ಅತ್ತ ತಿರುಗಿದಾಗ ಕಲ್ಲು ಮುಟ್ಟಿ ಹೋಗುವವರು ಈಗಲೂ ಇದ್ದರು.

"ಬೂಟು ಹಾಕ್ಕೊಂಡು ದೇವ್ರ ಮುಂದೆ ನಿಂದರ್ಸ್ತೀಯಲ್ಲಮ್ಮ, ನಿನಗೂ ಮಕ್ಕಳು ಮರಿ ಅದಾವಿಲ್ಲೋ?" ಎಂದು ಕೇಳಿದ್ದು ಉಚ್ಚಂಗಪ್ಪ. ಕಾವಲುಗಾರರಲ್ಲಿ ಎಲ್ಲರಿಗಿಂತ ಹಿರಿಯ, ಮೀಸೆಗೆ ಬಣ್ಣ ಹಚ್ಚುವವನು.

"ದೇವ್ರಲ್ಲ ಉಚ್ಚಂಗಪ್ಪಣ್ಣ, ಕಲ್ಲು. ಬೂಟು ಯೂನಿಫಾರಂ. ಹಾಕ್ಕೊಳ್ರಿ."

"ಕಾಲು ಬೆವರ್ತಾವೆ."

"ಅದು ಬೇರೆ ಮಾತು. ಸಾಕ್ಸ್ ಒಗೀರಿ."

ರಮಾಬಾಯಿ ಮಾತನ್ನು ಜಾಸ್ತಿ ಖರ್ಚು ಮಾಡುವವಳಲ್ಲ. ಊರ ಹೊರಗಿನ ತಾಂಡಾದವಳು. ಗಂಡ ದೇವರಾಜ ಭತ್ತ ಕೊಯ್ಯುವ ಯಂತ್ರ ಓಡಿಸುತ್ತಾನೆ, ಸುಗ್ಗಿಯಲ್ಲಿ ಮನೆಗೆ ಬರುವುದೇ ಅಪರೂಪ. ಅವಳು ವರ್ಷಗಟ್ಟಲೆ ಗೃಹರಕ್ಷಕ ದಳದಲ್ಲಿದ್ದು, ಚುನಾವಣೆ, ಪರೀಕ್ಷೆ, ಗಣಪತಿ ಮೆರವಣಿಗೆ ಎಂದು ಎಲ್ಲ ಬಂದೋಬಸ್ತುಗಳಲ್ಲಿ ನಿಂತು ಕಾಲು ಗಟ್ಟಿ ಮಾಡಿಕೊಂಡವಳು. ಆಮೇಲೆ ಕಾವಲುಗಾರರನ್ನು ಒದಗಿಸುವ ಒಂದು ಏಜೆನ್ಸಿ ಸೇರಿ ಇಲ್ಲಿಗೆ ಬಂದಳು. ಅವಳ ಕೈಕೆಳಗೆ ಐದು ಜನ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಅವರನ್ನು ಸಾಲಾಗಿ ನಿಲ್ಲಿಸಿ ಹೇಳುತ್ತಿದ್ದುದು ಒಂದೇ ಪಾಠ: "ಬಂದೋರ ಮುಖ ನೋಡಬ್ಯಾಡ್ರಿ, ಕೈ ನೋಡ್ರಿ. ಮುಖ ದೊಡ್ಡೋರದ್ದು ಸಣ್ಣೋರದ್ದು ಅಂತ ಐತೆ. ಕೈಗೆ ಹಂಗಿಲ್ಲ." ಒಬ್ಬರನ್ನು ಒಂದೇ ಕೋಣೆಯಲ್ಲಿ ವಾರಗಟ್ಟಲೆ ನಿಲ್ಲಿಸುತ್ತಿರಲಿಲ್ಲ, ದಿನಾ ನೋಡಿದ್ದನ್ನು ಕಣ್ಣು ನೋಡುವುದು ಬಿಟ್ಟುಬಿಡುತ್ತದೆಂದು. ಅಧಿಕಾರಿ ಬೇಡವೆಂದರೂ ಹಟ ಹಿಡಿದು ಪ್ರತಿ ಕೋಣೆಗೂ ಒಂದು ಸ್ಟೂಲು ಹಾಕಿಸಿದ್ದಳು. ನಿಂತು ನಿಂತು ಸೊಂಟ ಬಿದ್ದುಹೋದವನು ಕಳ್ಳನನ್ನು ಅಟ್ಟಿಸಿಕೊಂಡು ಹೋಗುವುದು ಹೇಗೆ ಎಂಬುದು ಅವಳ ಪ್ರಶ್ನೆ.

ಮಳೆಗಾಲ ಮುಗಿದು ಶಾಲಾ ಮಕ್ಕಳ ಪ್ರವಾಸಗಳು ಶುರುವಾಗಿದ್ದ ಒಂದು ಶುಕ್ರವಾರ, ಎರಡನೇ ಕೋಣೆಯ ಗಾಜಿನ ಪೆಟ್ಟಿಗೆಯಿಂದ ಒಂದು ನಂದಿ ಕಾಣೆಯಾಯಿತು. ಮುಷ್ಟಿಯೊಳಗೆ ಹಿಡಿಯುವಷ್ಟು ಸಣ್ಣ ಕಂಚಿನ ನಂದಿ. ಆ ದಿನ ಎರಡು ಬಸ್ಸು ಮಕ್ಕಳು ಬಂದು ಹೋಗಿದ್ದರು, ಕರೆಂಟಿನವರು ಏಣಿ ಹಾಕಿ ದೀಪ ಬದಲಾಯಿಸಿದ್ದರು, ಅಧಿಕಾರಿಯ ಕಡೆಯ ನೆಂಟರು ಬಂದು ಫೋಟೋ ತೆಗೆಸಿಕೊಂಡಿದ್ದರು. ಪೆಟ್ಟಿಗೆಯ ಹಿಂದಿನ ಹಲಗೆ ಸಡಿಲವಾಗಿತ್ತು. ಸಂಜೆ ಬಾಗಿಲು ಹಾಕುವಾಗ ಅದನ್ನು ಕಂಡು ಓಡಿಬಂದು ಹೇಳಿದವನು ಆ ಕೋಣೆಯ ಕಾವಲಿಗಿದ್ದ ತಿಪ್ಪೇಶ. ಮೊದಲು ಕಂಡವನೂ ಅವನೇ, ಕಾವಲಿದ್ದವನೂ ಅವನೇ. ಆದ್ದರಿಂದ ರಾತ್ರಿಯಾಗುವಷ್ಟರಲ್ಲಿ ಕಳ್ಳನೂ ಅವನೇ ಆದ.

ಮರುದಿನ ಬೆಳಿಗ್ಗೆ ನಂದಿಯನ್ನು ದಾನ ಕೊಟ್ಟಿದ್ದ ತೋಟಪ್ಪನವರು ಕುಪ್ಪಗಡ್ಡೆಯಿಂದ ಜೀಪಿನಲ್ಲಿ ಬಂದರು. ಭತ್ತ, ಅಡಿಕೆ ಎರಡರಲ್ಲೂ ಕೈ ಇದ್ದ, ನಾಲ್ಕು ಊರಿನ ಪಂಚಾಯಿತಿಗೆ ಕರೆಸಿಕೊಳ್ಳುವ ಮನುಷ್ಯ. ಕೂಗಾಡಲಿಲ್ಲ. ಅಧಿಕಾರಿ ಈಶ್ವರ್ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು, ತೋಟಪ್ಪನವರು ಕೂತು ಕಾಫಿ ಕುಡಿದು ಹೇಳಿದರು:

"ಪೊಲೀಸು ಗಿಲೀಸು ಎಂತಕ್ಕೆ ಮಾರಾಯ್ರೆ. ಬಡವರ ಮಕ್ಕಳು, ಠಾಣೆಗೆ ಹೋದ್ರೆ ಹೊಡೆತ ತಿಂತಾವೆ. ನಿಮಗೂ ಮೇಲಿನವರಿಂದ ತಾಪತ್ರಯ. ಕಲ್ಲು ಇಲ್ಲೇ ಉಂಟಲ್ಲ? ಸೋಮವಾರ ಅಮಾಸೆ. ಎಲ್ಲರೂ ಮುಟ್ಟಿ ಹೇಳಲಿ. ಆಮೇಲೆ ನಾನು ಒಂದು ಮಾತು ಆಡೂದಿಲ್ಲ."

ಈಶ್ವರ್ ಮುಖದಲ್ಲಿ ಕಳೆ ಬಂತು. ಸೋಮವಾರ ರಜೆಯೂ ಹೌದು, ಜನರ ಕಣ್ಣಿಗೆ ಬೀಳುವುದಿಲ್ಲ. "ಬಹಳ ಒಳ್ಳೇದು ಸಾರ್, ಸೌಹಾರ್ದವಾಗಿ ಮುಗಿದುಹೋಗುತ್ತೆ," ಎಂದರು. ಬಾಗಿಲಲ್ಲಿ ನಿಂತಿದ್ದ ರಮಾಬಾಯಿಯನ್ನು ಯಾರೂ ಏನೂ ಕೇಳಲಿಲ್ಲ.

ಹಿತ್ತಲ ನಲ್ಲಿಯ ಹತ್ತಿರ ಐದೂ ಜನ ಸೇರಿದ್ದರು. ಉಚ್ಚಂಗಪ್ಪನಿಗೆ ಆಗಲೇ ನಿರಾಳವಾಗಿತ್ತು. "ನಾವು ಕದ್ದಿಲ್ಲ ತಾನೆ? ಮುಟ್ಟೋಣು, ಬಿಡೋಣು. ಕದ್ದೋನು ಹೆದರಬೇಕು," ಎಂದ. ಬಾಗಿಲಲ್ಲಿ ಹೆಂಗಸರ ಚೀಲ ನೋಡುವ ವನಜಮ್ಮ ತಲೆಯಾಡಿಸಿದಳು. ತಿಪ್ಪೇಶ ಮಾತ್ರ ನಲ್ಲಿ ಕಟ್ಟೆಯ ಮೇಲೆ ಕೂತು ಕೈಗಳನ್ನು ನೋಡಿಕೊಳ್ಳುತ್ತಿದ್ದ. ಅವನ ತಾಯಿ ರಾಧಮ್ಮ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಳು. ಎರಡೂ ಕಿಡ್ನಿ ಹೋಗಿದ್ದವು. ದಿನ ಎಣಿಸಿ ಎಂದು ಡಾಕ್ಟರು ಆಗಲೇ ಹೇಳಿಯಾಗಿತ್ತು.

"ಅಕ್ಕ," ಎಂದ ತಿಪ್ಪೇಶ, "ಮುಟ್ಟಿದ ಮೇಲೆ ಅವ್ವ ಹೋದ್ರೆ?"

ಉಚ್ಚಂಗಪ್ಪ ಮೀಸೆ ಮುಟ್ಟಿಕೊಂಡ.

ರಮಾಬಾಯಿ ಒಬ್ಬೊಬ್ಬರನ್ನೇ ಕೇಳಿದಳು. "ವನಜಮ್ಮ, ಮಗಳಿಗೆ ಎಷ್ಟು ತಿಂಗಳು?" ಏಳು. "ಉಚ್ಚಂಗಪ್ಪಣ್ಣ, ನಿಮ್ಮ ಎದೆ ನೋವು?" ಅದು ಬಂದು ಹೋಗಿ ಮಾಡ್ತತೆ. ಉಳಿದಿಬ್ಬರಲ್ಲಿ ಒಬ್ಬನ ಮಗ ಬೈಕು ಓಡಿಸುವ ವೇಗಕ್ಕೆ ಊರೇ ಹೆದರಿ ಬಾಯಿ ಮೇಲೆ ಕೈ ಇಡುತ್ತಿತ್ತು. ಇನ್ನೊಬ್ಬನ ಮನೆಯಲ್ಲಿ ಹಸು ಕರು ಹಾಕುವುದರಲ್ಲಿತ್ತು.

"ಆರು ಮನೆ, ಮೂರು ಅಮಾಸೆ," ಎಂದಳು ರಮಾಬಾಯಿ. "ಏನೂ ಆಗದಂಗೆ ಇರಾಕೆ ನಾವೇನು ಚಿತ್ರದಾಗಿನ ಮನುಷ್ಯರಾ? ಯಾವುದೋ ಒಂದು ಮನೇಲಿ ಏನೋ ಒಂದು ಆಗೇ ಆಗ್ತತೆ. ಆದೋನು ಕಳ್ಳ."

"ಹಂಗಂದ್ರೆ ಮುಟ್ಟಲ್ಲ ಅಂತೀಯಾ?" ಉಚ್ಚಂಗಪ್ಪನ ದನಿ ಏರಿತು. "ಮುಟ್ಟಲ್ಲ ಅಂದ್ರೆ ಇವತ್ತೇ ಕಳ್ಳರಾಗ್ತೀವಲ್ಲೇ ತಾಯಿ! ಮೂರು ಅಮಾಸೆ ತನಕನೂ ಕಾಯಂಗಿಲ್ಲ!"

ಅವನ ಮಾತು ಸುಳ್ಳಲ್ಲ. ಅದೂ ರೂಢಿಯೇ. ಆಣೆ ಮಾಡುವುದಿಲ್ಲ ಎಂದವನನ್ನು ಊರು ತಪ್ಪಿತಸ್ಥನೆಂದೇ ಬಗೆಯುತ್ತದೆ. ಅದರಲ್ಲೂ ತಾಂಡಾದ ಹೆಂಗಸೊಬ್ಬಳು ಹಾಗೆ ಅಂದರೆ ಊರು ಎರಡನೇ ಸಲ ಯೋಚಿಸುವುದಿಲ್ಲ. ರಮಾಬಾಯಿಗೆ ಇದು ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ಅವಳ ತಾಯಿ ಸಾವಿತ್ರಿಬಾಯಿ ಸೊರಬದ ಕಡೆಯ ಒಂದು ದೊಡ್ಡ ಮನೆಗೆ ಅಡಿಕೆ ಸುಲಿಯಲು ಹೋಗುತ್ತಿದ್ದಳು. ರಮಾಬಾಯಿ ಆಗ ತಾಯಿಯ ಪಕ್ಕ ಕೂತು ಸಿಪ್ಪೆ ಗುಡ್ಡೆ ಮಾಡುವ ವಯಸ್ಸಿನವಳು. ಆ ಮನೆಯ ಸೊಸೆಯ ಒಂದು ಬೆಂಡೋಲೆ ಕಳೆಯಿತು. ಸುಲಿಯುತ್ತಿದ್ದ ಹೆಂಗಸರೆಲ್ಲ ಗುಡಿಯ ಮೆಟ್ಟಿಲು ಮುಟ್ಟಿ ಆಣೆ ಮಾಡಿದರು. ಸಾವಿತ್ರಿಬಾಯಿಯೂ ಮಾಡಿದಳು, ನಿಜವನ್ನೇ ಹೇಳಿದಳು. ಎರಡನೇ ಅಮಾವಾಸ್ಯೆ ಕಳೆದ ಮೇಲೆ ಅವಳ ಕಿರಿಮಗು ವಾಂತಿಭೇದಿಯಾಗಿ ತೀರಿಕೊಂಡಿತು. ಆ ವರ್ಷ ಕೇರಿಯಲ್ಲಿ ಇನ್ನೂ ಎರಡು ಮಕ್ಕಳು ಅದೇ ಕಾಯಿಲೆಯಿಂದ ಸತ್ತಿದ್ದವು, ಆದರೆ ಆ ಮಕ್ಕಳ ತಾಯಂದಿರು ಆಣೆ ಮಾಡಿರಲಿಲ್ಲ. ದೊಡ್ಡ ಮನೆಯವರು ಮಗುವನ್ನು ನೋಡಲು ಬಂದು, "ಪಾಪ, ಮುಟ್ಟಬಾರದಿತ್ತು," ಎಂದು ಮರುಗಿ ಹೋದರು. ಓಲೆ ಮುಂದೆ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ತಿಳಿದುಕೊಳ್ಳುವ ಅಗತ್ಯ ಆಮೇಲೆ ಯಾರಿಗೂ ಇರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಸಾವಿತ್ರಿಬಾಯಿಗೆ ತನ್ನ ಮೇಲೇ ಅನುಮಾನ ಹುಟ್ಟಿದ್ದು. ಸಿಪ್ಪೆ ಬುಟ್ಟಿಯಲ್ಲಿ ಗೊತ್ತಾಗದೆ ತನ್ನ ಕೈಯಿಂದಲೇ ಹೊರಗೆ ಹೋಯಿತೇನೋ, ಸೆರಗಿಗೆ ಸಿಕ್ಕಿಕೊಂಡು ಬಂದು ದಾರಿಯಲ್ಲಿ ಬಿತ್ತೇನೋ ಎಂದು ಸಾಯುವವರೆಗೂ ಗೊಣಗುತ್ತಿದ್ದಳು. ನಿಜ ಹೇಳಿದ ಬಾಯಿಗೆ ತನ್ನ ನಿಜದ ಮೇಲೆ ನಂಬಿಕೆ ಉಳಿಯಲಿಲ್ಲ.

ರಮಾಬಾಯಿ ನೇರವಾಗಿ ಈಶ್ವರ್ ಕೋಣೆಗೆ ಹೋದಳು.

"ಸಾರ್, ಪೊಲೀಸ್ ಕಂಪ್ಲೇಂಟ್ ಕೊಡ್ರಿ."

"ಯಾರ ಮೇಲಮ್ಮ? ನಿಮ್ಮೋರ ಮೇಲೇ ಆಗುತ್ತೆ."

"ಆಗ್ಲಿ."

ಈಶ್ವರ್ ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ, ತೊಂದರೆಯನ್ನು ಕಂಡರಾಗದ ಮನುಷ್ಯರು. "ಕಲ್ಲು ಮುಟ್ಟಿದ್ರೆ ನಿಮ್ಮ ಗಂಟೇನು ಹೋಗುತ್ತೆ? ನಂಬಿಕೆ ಇಲ್ಲದಿದ್ರೆ ಇನ್ನೂ ಸುಲಭ ಅಲ್ವಾ? ಬರೀ ಕಲ್ಲು ತಾನೆ?"

"ಮುಟ್ಟೋಳಿಗೆ ಬರೀ ಕಲ್ಲು ಸಾರ್. ನೋಡೋರಿಗಲ್ಲ."

ಮಧ್ಯಾಹ್ನ ಏಜೆನ್ಸಿಯ ಪ್ರದೀಪ್ ಫೋನು ಮಾಡಿದ. ಅವನು ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಅವಳನ್ನು ಹೆಸರು ಹಿಡಿದೇ ಕರೆಯುತ್ತಿದ್ದ. "ನೋಡು ರಮಾಬಾಯಿ, ಪಾರ್ಟಿ ದೊಡ್ಡದು. ಎರಡು ನಿಮಿಷದ ಕೆಲಸ. ಮಾಡಲ್ಲ ಅಂದ್ರೆ ನಿನ್ನನ್ನ ಅಲ್ಲಿಂದ ತೆಗೀಬೇಕಾಗುತ್ತೆ."

"ಕದ್ದೀನಿ ಅಂತ ತೆಗೀತೀರೋ, ಕಲ್ಲು ಮುಟ್ಟಲಿಲ್ಲ ಅಂತ ತೆಗೀತೀರೋ?"

"ಅದೆಲ್ಲ ಈಗ ಯಾಕೆ?"

"ಯಾವುದು ಅಂತ ತೀರ್ಮಾನ ಮಾಡ್ಕೊಂಡು ಫೋನ್ ಮಾಡ್ರಿ," ಎಂದು ಇಟ್ಟುಬಿಟ್ಟಳು.

ಡ್ಯೂಟಿ ಮುಗಿದ ಮೇಲೆ ಯೂನಿಫಾರಂ ಬದಲಾಯಿಸದೆ ಠಾಣೆಗೆ ನಡೆದಳು. ಒಳಗೆ ಬರೆದುಕೊಳ್ಳಲು ಕೂತಿದ್ದ ಮುಖ್ಯಪೇದೆ ಅವಳಿಗೆ ಬಂದೋಬಸ್ತುಗಳಿಂದ ಪರಿಚಯದವನು. ನಂದಿ ಎಷ್ಟು ದೊಡ್ಡದು, ಎಲ್ಲಿತ್ತು, ಯಾವಾಗ ಹೋಯಿತು ಎಲ್ಲ ಕೇಳಿ, "ಯಾರ ಮೇಲಾದ್ರೂ ಅನುಮಾನ ಐತಾ?" ಎಂದ.

"ನಮ್ಮ ಆರು ಜನರ ಮೇಲೆ ಊರಿಗೆ ಅನುಮಾನ ಐತೆ. ಬರ್ಕೊಳ್ರಿ. ನನ್ನ ಹೆಸರು ಮೊದ್ಲು."

ಅವನು ಪೆನ್ನು ಕೆಳಗಿಟ್ಟ. "ತಲೆ ಕೆಟ್ಟೈತಾ ರಮಾಬಾಯಿ? ಯಾರಾದ್ರೂ ತಮ್ಮ ಮೇಲೆ ತಾವೇ ಕೊಡ್ತಾರಾ?"

"ಆ ದಿನ ಒಳಗೆ ಬಂದ ಕರೆಂಟಿನೋರು, ಸಾರ್ ನೆಂಟರು, ಬಸ್ಸಿನ ಮೇಷ್ಟ್ರುಗಳು, ಅವರ ಹೆಸರೂ ಹೇಳ್ತೀನಿ. ಅವರನ್ನೂ ಕೇಳ್ರಿ. ನಮ್ಮನ್ನ ಕೇಳಿದಂಗೇ ಕೇಳ್ರಿ. ಕಲ್ಲು ಮುಟ್ಟಾಕೆ ನಮ್ಮನ್ನ ಆರು ಜನರನ್ನ ಮಾತ್ರ ಕರೆದಾರೆ, ಗೊತ್ತೈತಾ?"

ಮುಖ್ಯಪೇದೆ ಪೆನ್ನು ಮತ್ತೆ ಎತ್ತಿಕೊಂಡ.

ಭಾನುವಾರವಿಡೀ ಊರು ಅವಳ ಬಗ್ಗೆಯೇ ಮಾತಾಡಿತು. ದೇವರಾಜ ಹೊಲದಿಂದ ಫೋನು ಮಾಡಿ, "ಏನೇ ಇದು, ಹೋಟ್ಲಾಗೆ ಕೂಡಂಗಿಲ್ಲ, ನಿಂದಿರಂಗಿಲ್ಲ. ಮುಟ್ಟಿ ಬಿಡಬಾರದಾ?" ಎಂದ. "ನೀನು ಹೋಟ್ಲಿಗೆ ಹೋಗೋದೂ ಕಮ್ಮಿ ಆಗ್ತತೆ ಬಿಡು," ಎಂದಳು. ಸಂಜೆ ಐದೂ ಜನರಿಗೆ ಒಂದೇ ಆದೇಶ ಹೋಯಿತು: ಸೋಮವಾರ ಎಲ್ಲರೂ ಬರಬೇಕು, ಯೂನಿಫಾರಂ, ಬೂಟು, ಬೆಲ್ಟು, ಒಣಗಿದ ಬಟ್ಟೆ.

ಸೋಮವಾರ ಬೆಳಿಗ್ಗೆ ರಜೆಯ ದಿನದ ಗುಟ್ಟು ಗುಟ್ಟಾಗಿ ಉಳಿದಿರಲಿಲ್ಲ. ಗೇಟಿನ ಮುಂದೆ ನೂರಾರು ಜನ. ತೋಟಪ್ಪನವರು ಬಿಳಿ ಪಂಚೆಯಲ್ಲಿ, ಕೈಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ. ತಿಪ್ಪೇಶ ಬಂದ, ರಾತ್ರಿ ನಿದ್ದೆ ಮಾಡದ ಮುಖ, ಆದರೆ ಯೂನಿಫಾರಂ. ವನಜಮ್ಮ ಬಂದಳು. ಉಳಿದಿಬ್ಬರೂ ಬಂದರು. ಕೊನೆಗೆ ಉಚ್ಚಂಗಪ್ಪ ಬಂದ. ಬರೀ ಮೈ, ಸೊಂಟಕ್ಕೆ ಒದ್ದೆ ಪಂಚೆ, ಮೀಸೆಯ ಬಣ್ಣ ಗದ್ದಕ್ಕೆ ಇಳಿದಿತ್ತು. ಜನ ದಾರಿ ಬಿಟ್ಟುಕೊಟ್ಟರು.

ಗೇಟು ತೆರೆಯಿತು. ಎರಡನೇ ಕೋಣೆಯಲ್ಲಿ ರಮಾಬಾಯಿ ಆಣೆಕಲ್ಲಿಗೂ ಅದರ ಸುತ್ತ ಕಟ್ಟಿದ್ದ ಹಗ್ಗಕ್ಕೂ ನಡುವೆ ನಿಂತಿದ್ದಳು. ಪಕ್ಕದಲ್ಲಿ, ಮೊದಲಿನಿಂದಲೂ ಇದ್ದ ಫಲಕ: ವಸ್ತುಗಳನ್ನು ಮುಟ್ಟಬಾರದು.

"ಸರಿಯಮ್ಮ ಸ್ವಲ್ಪ," ಎಂದರು ತೋಟಪ್ಪನವರು, ಮಕ್ಕಳಿಗೆ ಹೇಳುವ ಹಾಗೆ.

"ನೋಡ್ರಿ, ಬೇಕಾದಷ್ಟು ಹೊತ್ತು ನೋಡ್ರಿ. ಮುಟ್ಟಂಗಿಲ್ಲ."

"ಎಂತ? ನಿಮ್ಮ ಸಾಹೇಬರೇ ಒಪ್ಪಿದ್ದಾರೆ!"

ರಮಾಬಾಯಿ ಈಶ್ವರ್ ಕಡೆ ತಿರುಗಿದಳು. "ಸಾರ್, ಈ ವಸ್ತು ಮುಟ್ಟಬಹುದು ಅಂತ ನೀವು ಎಲ್ಲರಿಗೂ ಕೇಳಂಗೆ ಹೇಳ್ರಿ. ನಾನು ಸರೀತೀನಿ. ಇವತ್ತು ಇವರಿಗೆ, ನಾಳೆಯಿಂದ ಎಲ್ಲರಿಗೂ."

ಬಾಗಿಲಲ್ಲಿ ಯಾರೋ ಮೊಬೈಲು ಎತ್ತಿ ಹಿಡಿದಿದ್ದರು. ಈಶ್ವರ್ ಮೊಬೈಲು ನೋಡಿದರು, ಫಲಕ ನೋಡಿದರು, ಆಮೇಲೆ ತಮ್ಮ ಚಪ್ಪಲಿ ನೋಡಿದರು. ಹೇಳಲಿಲ್ಲ.

ತೋಟಪ್ಪನವರಿಗೆ ಈಗ ಸಿಟ್ಟು ಬಂತು. "ನಿಮ್ಮ ಒಳ್ಳೇದಕ್ಕೇ ಹೇಳಿದ್ದು ನಾನು. ಕದ್ದಿಲ್ಲ ಅಂದ್ರೆ ಹೆದರಿಕೆ ಎಂತಕ್ಕೆ? ಪೊಲೀಸಿಗೆ ಹೋಗಿದ್ದೀಯಂತೆ. ನಾಳೆ ನಿನ್ನ ಹುಡುಗರಿಗೆ ಎರಡು ಬಿದ್ರೆ ಆಗ ನೆನಪಾಗ್ತದೆ!"

"ಪೊಲೀಸ್ರು ತಪ್ಪು ಮಾಡಿದ್ರೆ ಅವರ ಮೇಲೊಬ್ಬ ಅದಾನೆ, ಅವನ ಮೇಲೆ ಕೋರ್ಟ್ ಐತೆ. ಹೋಗಿ ಕೇಳ್ತೀನಿ. ಈ ಕಲ್ಲು ತಪ್ಪು ಮಾಡಿದ್ರೆ ಯಾರನ್ನ ಕೇಳಬೇಕ್ರೀ ಗೌಡ್ರೇ? ಈ ತಿಪ್ಪೇಶನ ತಾಯಿ ಆಸ್ಪತ್ರೇಲಿ ಅದಾಳೆ. ಸಾಯ್ತಾಳೆ ಅಂತ ಡಾಕ್ಟ್ರು ಆಗ್ಲೇ ಹೇಳ್ಯಾರೆ. ಇವನ್ನ ಮುಟ್ಟಿಸಿ, ಆಮೇಲೆ ಆಕೆ ಸತ್ರೆ ನೀವು ಬಂದು 'ಇವ ಕದ್ದಿಲ್ಲ, ಆಕೆ ಕಾಯಿಲೆಯಿಂದ ಸತ್ತಳು' ಅಂತ ಮನೆಮನೆಗೂ ಹೇಳ್ತೀರಾ?"

ತೋಟಪ್ಪನವರು ತೆಂಗಿನಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಅಷ್ಟರಲ್ಲಿ ಉಚ್ಚಂಗಪ್ಪ ಜೋರಾಗಿ ಸೀನಿದ.

"ಹೋಗಿ ಬಟ್ಟೆ ಹಾಕ್ಕೊಂಬರ್ರಿ ಅಣ್ಣಾ," ಎಂದಳು ರಮಾಬಾಯಿ ಅವನ ಕಡೆ ನೋಡದೆ. "ಜ್ವರ ಬಂದ್ರೆ ಅದನ್ನೂ ಲೆಕ್ಕಕ್ಕೆ ಹಿಡೀತಾರೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಬಾಗಿಲಾಚೆಗೂ ಹಬ್ಬಿತು. ಉಚ್ಚಂಗಪ್ಪ ಕೆಂಪಗಾಗಿ ನಿಂತ. ಒಂದು ಹೆಜ್ಜೆ ಕಲ್ಲಿನ ಕಡೆ ಇಟ್ಟ. ರಮಾಬಾಯಿ ಸರಿಯಲಿಲ್ಲ, ತಡೆಯಲೂ ಇಲ್ಲ, ಅವನ ಕೈಗಳನ್ನು ಮಾತ್ರ ನೋಡಿದಳು. ಅವನು ತಿಪ್ಪೇಶನ ಮುಖ ನೋಡಿದ. ಆಮೇಲೆ ಪಂಚೆ ಹಿಂಡಿಕೊಂಡು, "ಯಾರಾದ್ರೂ ಒಂದು ಟವೆಲ್ ಕೊಡ್ರಲೇ," ಎಂದು ಹೊರಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಯೂನಿಫಾರಂ ಹಾಕಿಕೊಂಡು ಬಂದು ಬಾಗಿಲ ಪಕ್ಕ ತನ್ನ ಜಾಗದಲ್ಲಿ ನಿಂತ. ಆಣೆಗೆಂದು ಸೇರಿದವರಿಗೆ ನೋಡಲು ಏನೂ ಉಳಿಯಲಿಲ್ಲ. ತೋಟಪ್ಪನವರು ಒಡೆಯದ ತೆಂಗಿನಕಾಯಿಯೊಂದಿಗೆ ಜೀಪು ಹತ್ತಿದರು.

ಗೆದ್ದಳೆಂದು ಯಾರೂ ಹೇಳಲಿಲ್ಲ. ಪೊಲೀಸರು ಆರೂ ಜನರನ್ನು ಎರಡು ದಿನ ಕೂರಿಸಿ ಕೇಳಿದರು. ಒಬ್ಬೊಬ್ಬರನ್ನು ಕರೆದಾಗಲೂ ರಮಾಬಾಯಿ ಜೊತೆಗೆ ಹೋಗಿ ಠಾಣೆಯ ಬೆಂಚಿನ ಮೇಲೆ ಕೂತಳು, ಯಾರಿಗೂ ಹೊಡೆತ ಬೀಳಲಿಲ್ಲ. ಕರೆಂಟಿನವರನ್ನು ಕರೆಸಿದರು. ಈಶ್ವರ್ ನೆಂಟರನ್ನೂ ಕರೆಸಿದರು, ಆಮೇಲೆ ಒಂದು ತಿಂಗಳು ಈಶ್ವರ್ ಅವಳೊಡನೆ ಕೆಲಸದ ಮಾತಲ್ಲದೆ ಬೇರೆ ಮಾತಾಡಲಿಲ್ಲ. ನಂದಿ ಸಿಗಲಿಲ್ಲ. ಕಿರಾಣಿ ಅಂಗಡಿಯಲ್ಲಿ ಅವಳು ನಿಂತರೆ ಅಂಗಡಿಯವನು ಅವಳ ಕೈಚೀಲದ ಕಡೆ ನೋಡುವುದನ್ನು ಅವಳು ನೋಡುತ್ತಿದ್ದಳು. "ನೋಡಪ್ಪ, ಸರಿಯಾಗಿ ನೋಡು. ಕೈ ನೋಡೋದು ಒಳ್ಳೇ ಅಭ್ಯಾಸ," ಎನ್ನುತ್ತಿದ್ದಳು. ಪ್ರದೀಪ್ ಮತ್ತೆ ಫೋನು ಮಾಡಿ ರೈಸ್‌ಮಿಲ್ಲಿನ ಗೇಟಿಗೆ ಹೋಗು ಎಂದ. ಕಾರಣವನ್ನು ನಾಲ್ಕು ಜನರ ಮುಂದೆ ಹೇಳಿದ ದಿನ ಹೋಗುತ್ತೇನೆ ಎಂದಳು. ಅವನು ಹೇಳಲು ಬರಲಿಲ್ಲ, ಇವಳು ಹೋಗಲಿಲ್ಲ.

ಎರಡನೇ ಅಮಾವಾಸ್ಯೆಗೆ ಇನ್ನೂ ನಾಲ್ಕೈದು ದಿನ ಇರುವಾಗ ರಾಧಮ್ಮ ತೀರಿಕೊಂಡಳು. ಹೆಣವನ್ನು ಶಿವಮೊಗ್ಗದಿಂದ ತಂದು ಅಂಗಳದಲ್ಲಿ ಇಳಿಸಿದಾಗ ಓಣಿಯವರೆಲ್ಲ ಬಂದರು. ರಮಾಬಾಯಿ ಉಳಿದವರನ್ನು ಕರೆದುಕೊಂಡು ಯೂನಿಫಾರಂನಲ್ಲೇ ಬಂದಿದ್ದಳು. ಚಪ್ಪರದ ಕಂಬಕ್ಕೆ ಒರಗಿದ್ದ ಒಬ್ಬ ಪಕ್ಕದವನಿಗೆ ತಗ್ಗಿದ ದನಿಯಲ್ಲಿ, "ಅಮಾಸೆ ಲೆಕ್ಕ ನೋಡಿದ್ರೆ..." ಎಂದು ಶುರು ಮಾಡಿದ.

"ಯಾವ ಲೆಕ್ಕಲೇ?" ಉಚ್ಚಂಗಪ್ಪ ತಗ್ಗಿದ ದನಿಯಲ್ಲಿ ಹೇಳಲಿಲ್ಲ. "ಮುಟ್ಟಿದ್ನಾ ಅವನು? ಆಣೆನೇ ಆಗಿಲ್ಲ, ಇವನು ಲೆಕ್ಕ ಹಿಡ್ಕೊಂಡು ಬಂದಾನೆ! ಮುದುಕಿ ಕಿಡ್ನಿ ಹೋಗಿತ್ತು, ಸತ್ಲು. ಹೋಗು, ಕಟ್ಟಿಗೆ ಹೊತ್ಕೊಂಬಾ!"

ಕಂಬದವನು ಕಟ್ಟಿಗೆಗೆ ಹೋದ. ಅಂಗಳದಲ್ಲಿ ಆ ಮಾತು ಮತ್ತೆ ಏಳಲಿಲ್ಲ. ಹೇಳಲು ಆಧಾರವೇ ಇರಲಿಲ್ಲ.

ರಮಾಬಾಯಿ ತಿಪ್ಪೇಶನ ಪಕ್ಕ ಹೋಗಿ ಕೂತಳು. ಸಮಾಧಾನ ಹೇಳುವುದು ಅವಳಿಗೆ ಬರುತ್ತಿರಲಿಲ್ಲ, ಪ್ರಯತ್ನವನ್ನೂ ಮಾಡಲಿಲ್ಲ. "ಕಾರ್ಯ ಎಲ್ಲ ಮುಗಿಸ್ಕೊಂಡು ಬಾ," ಎಂದಳು. "ಅಲ್ಲಿ ತನಕ ಎರಡನೇ ಕೋಣೇಲಿ ನಾನೇ ನಿಂದಿರ್ತೀನಿ."

ತಿಪ್ಪೇಶ ತಲೆಯಾಡಿಸಿ, ತಾಯಿಯ ಕಾಲುಗಳನ್ನು ಹಿಡಿದುಕೊಂಡು ಜೋರಾಗಿ ಅತ್ತ. ತಾಯಿ ಸತ್ತ ಮಗ ಅಳುವ ಹಾಗೆ ಅತ್ತ, ಅದರಲ್ಲಿ ಬೇರೆ ಯಾವ ಹೆದರಿಕೆಯೂ ಬೆರೆತಿರಲಿಲ್ಲ.